ತತ್ತಿ ಮೇಷ್ಟ್ರು ಮತ್ತು ಮೀನಿನ ಮಾತು

ಸಂತಾಪ ಸಭೆಯಲ್ಲಿ ಜನ ಅಷ್ಟು ನಗುತ್ತಾರೆಂದು ನಾನು ಎಣಿಸಿರಲಿಲ್ಲ. ನನಗಿಂತ ಐದಾರು ವರ್ಷ ಕಿರಿಯನಾದ ಹಳೆಯ ವಿದ್ಯಾರ್ಥಿಯೊಬ್ಬ ಮೈಕಿನ ಮುಂದೆ ನಿಂತು ಮೀನಿನ ಪ್ರಸಂಗ ಹೇಳಿದ. ನಮ್ಮ ಮೇಷ್ಟ್ರು ಒಮ್ಮೆ ಒಂದು ಹೆಣ್ಣಿನ ಸಂಬಂಧ ಉಳಿಸಿಕೊಡಲು ಹರಿಹರಕ್ಕೆ ಹೋದರಂತೆ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದ ಗಂಡಿನ ಕಡೆಯವರಿಗೆ, 'ನಿಮ್ಮ ಸೊಸೆಯ ಕುತ್ತಿಗೆಯಾಗೆ ಇರೋದು ರೋಗ ಅಲ್ರಿ, ಮೀನಿನ ಕಿವಿರು' ಎಂದು ಪಾಠ ಮಾಡಿದರಂತೆ. ಅವರು ಹೌಹಾರಿ ಸಂಬಂಧವನ್ನೇ ಬಿಟ್ಟರಂತೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರ ಮಗಳೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಅವನ ನಂತರ ಎದ್ದ ಇನ್ನೊಬ್ಬ ಬೇರೆ ನೆನಪು ತೆಗೆದ. ಪ್ರಾಣಿಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಭ್ರೂಣದ ಗಂಟಲ ಕಮಾನುಗಳನ್ನು 'ಗಿಲ್' ಎಂದು ಬರೆದರೆ, ಅಂದರೆ ಕಿವಿರು ಎಂದರೆ, ಮೇಷ್ಟ್ರು ಆ ಪದಕ್ಕೆ ಕೆಂಪು ಗೆರೆ ಎಳೆದು ಅಂಕ ಕಡಿಯುತ್ತಿದ್ದರು, ಚಿತ್ರ ಎಷ್ಟೇ ಚೆನ್ನಾಗಿದ್ದರೂ ಬಿಡುತ್ತಿರಲಿಲ್ಲ, ಎಂದ. ಅದಕ್ಕೂ ಜನ ನಕ್ಕರು.

ಎರಡೂ ಕಥೆಗಳ ನಡುವೆ ಐದು ನಿಮಿಷವೂ ಇರಲಿಲ್ಲ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಯಾರೂ ನೋಡಲಿಲ್ಲ. ಕಿವಿರು ಎಂಬ ಪದಕ್ಕೆ ಅಂಕ ಕಡಿಯುವ ಮನುಷ್ಯ ಹರಿಹರದಲ್ಲಿ ಕೂತು ಅದೇ ಪದ ಹೇಳುತ್ತಾನೆಯೇ? ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ. ಒಂದು ಹೆಣ್ಣು ಎಂದನಲ್ಲ, ಅವಳು ನನ್ನ ಅಕ್ಕ. ಆ ಕಥೆಯನ್ನು ಮೊದಲು ಹೇಳಿದವನು ನಾನು. ನಲವತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದೇನೆ.

ಸಭೆ ಮುಗಿದ ಮೇಲೆ ಸಂಘಟಕರು ನನ್ನನ್ನು ಹಿಡಿದುಕೊಂಡರು. ಸ್ಮರಣ ಸಂಚಿಕೆ ತರುತ್ತಿದ್ದಾರೆ. 'ಸರ್, ಆ ಮೀನಿನ ಪ್ರಸಂಗ ನೀವೇ ಬರದುಕೊಡ್ರಿ. ನೀವು ಕಣ್ಣಾರೆ ಕಂಡೋರು.' ಹೂಂ ಎಂದೆ. ಅಂದಿನಿಂದ ಎಂಟು ದಿನವಾಯಿತು. ದೇವರಾಜ ಅರಸು ಬಡಾವಣೆಯ ಈ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಕೋಣೆಯಿಂದ ಕೋಣೆಗೆ ತಿರುಗುತ್ತಿದ್ದೇನೆ. ಕಣ್ಣಾರೆ ಕಂಡೆ, ನಿಜ. ಕಂಡದ್ದು ಏನು ಎಂಬುದೇ ಈಗ ಗೊತ್ತಾಗುತ್ತಿಲ್ಲ.

ಮೊದಲು ನನಗೆ ಖಚಿತವಿರುವುದನ್ನು ಬರೆದುಕೊಳ್ಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ದಾವಣಗೆರೆಯ ಕಾಲೇಜಿನಲ್ಲಿ ಅವರು ನಮಗೆ ಪ್ರಾಣಿಶಾಸ್ತ್ರದ ಮೇಷ್ಟ್ರು. ಹೆಸರು ಬೇಡ. ಊರು ಅವರನ್ನು ತತ್ತಿ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಸಪೂರ ಮೈ, ಬಿಳಿ ಪಂಚೆ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು. ಕೋಟಿನ ಎಡ ಜೇಬಿನಲ್ಲಿ ಸೀಮೆಸುಣ್ಣ, ಬಲ ಜೇಬಿನಲ್ಲಿ ಹತ್ತಿಯಲ್ಲಿ ಸುತ್ತಿದ ಮೊಟ್ಟೆ. ಜೇಬು ಅದಲುಬದಲಾದದ್ದನ್ನು ನಾನು ಕಂಡಿಲ್ಲ.

ಭ್ರೂಣದ ಪಾಠಕ್ಕೆ ಇಷ್ಟೇ ಗಂಟೆ ಕಾವು ಪಡೆದ ಮೊಟ್ಟೆ ಬೇಕು. ಕಾಲೇಜಿನ ಕಾವುಪೆಟ್ಟಿಗೆ ಕರೆಂಟು ಹೋದಾಗಲೆಲ್ಲ ತಣ್ಣಗಾಗುತ್ತಿತ್ತು. ಆದ್ದರಿಂದ ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ಮೊಟ್ಟೆ ವ್ಯಾಪಾರ ಮಾಡುತ್ತಿದ್ದ ಸಾಹೇಬರೊಬ್ಬರ ಮನೆಯ ಕೋಳಿಯೇ ನಮ್ಮ ಪ್ರಯೋಗಾಲಯ. ಅವರ ಮನೆಯಲ್ಲಿ ಗಡಿಯಾರವಿರಲಿಲ್ಲ. ಮೊಟ್ಟೆಯನ್ನು ಕಾವಿಗಿಟ್ಟ ಹೊತ್ತನ್ನು ಅವರ ಹೆಂಡತಿ ನಮಾಜಿನ ಲೆಕ್ಕದಲ್ಲಿ ನೆನಪಿಡುತ್ತಿದ್ದರು. ಸಾಹೇಬರು ಅದನ್ನೇ ಪೆನ್ಸಿಲಿನಲ್ಲಿ ಚಿಪ್ಪಿನ ಮೇಲೆ ಉರ್ದುವಿನಲ್ಲಿ ಬರೆಯುತ್ತಿದ್ದರು. ಬುಧವಾರ, ಅಸರ್. ಎಂದರೆ ಬುಧವಾರ ಇಳಿಹೊತ್ತಿನ ನಮಾಜು. ಶನಿವಾರ ಅದೇ ನಮಾಜಿಗೆ ಎಪ್ಪತ್ತೆರಡು ಗಂಟೆ ತುಂಬುತ್ತಿತ್ತು. ಮೇಷ್ಟ್ರು ಆ ಅಕ್ಷರಗಳನ್ನು ಓದಲು ಕಲಿತಿದ್ದರು.

'ನಿಮ್ಮ ಹುಡುಗ್ರು ಪಾಸಾಗ್ತಾರೋ ಇಲ್ಲೋ, ನನ್ನ ಕೋಳಿ ಮಾತ್ರ ಬಿಎಸ್ಸಿ ಆಗೈತ್ರಿ ಮೇಷ್ಟ್ರೆ' ಎನ್ನುತ್ತಿದ್ದರು ಸಾಹೇಬರು.

'ಹಾಜರಿ ಸರಿಯಾಗೈತಲ್ರಿ ಅದರದ್ದು' ಎನ್ನುತ್ತಿದ್ದರು ಇವರು.

ಮೊಟ್ಟೆ ಮುಟ್ಟಿ ಬಂದ ದಿನ ಮೇಷ್ಟ್ರಿಗೆ ತಮ್ಮ ಮನೆಯಲ್ಲಿ ಹಿತ್ತಲ ಬಾಗಿಲಿನಿಂದಲೇ ಪ್ರವೇಶ. ತಲೆಯ ಮೇಲೆ ಒಂದು ಕೊಡ ನೀರು ಸುರಿದುಕೊಂಡು ಒಳಗೆ ಹೋಗಬೇಕು. ಅದಕ್ಕೆ ಅವರು ಗೊಣಗಿದ್ದನ್ನು ಯಾರೂ ಕೇಳಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು 'ಇವತ್ತು ಎಷ್ಟು ಒಡೆದ್ರಿ?' ಎಂದು ಕೇಳುತ್ತಿದ್ದರಂತೆ. ಸಂಖ್ಯೆ ಹೇಳಿದ ಮೇಲೆಯೇ ಬಿಸಿನೀರು.

ತರಗತಿಯಲ್ಲಿ ಚಿಪ್ಪನ್ನು ಒಡೆದು ಬೆಚ್ಚಗಿನ ಉಪ್ಪುನೀರಿಗೆ ಇಳಿಸಿದಾಗ ಹಳದಿಯ ಮೇಲೆ ಒಂದು ಕೆಂಪು ಚುಕ್ಕೆ ಮಿಡಿಯುತ್ತಿರುತ್ತಿತ್ತು. ಅದು ನಿಲ್ಲುವವರೆಗೆ ಪೆನ್ಸಿಲು ಎತ್ತಲು ಅವರು ಬಿಡುತ್ತಿರಲಿಲ್ಲ. ಯಾಕೆ ಎಂದು ಹೇಳುತ್ತಲೂ ಇರಲಿಲ್ಲ. ನಿಂತ ಮೇಲೆ ಭೂತಗನ್ನಡಿ ಕೊಟ್ಟು, ತಲೆಯ ಬುಡದಲ್ಲಿ ಸಾಲಾಗಿ ಮೂರು ಸಣ್ಣ ಮಡಿಕೆ ತೋರಿಸುತ್ತಿದ್ದರು. ಅವು ಗಂಟಲ ಕಮಾನುಗಳು. ಅಲ್ಲಿಂದ ಮನುಷ್ಯನ ಭ್ರೂಣಕ್ಕೆ ಬಂದು, ನಿಮ್ಮ ದವಡೆ, ಕಿವಿಯೊಳಗಿನ ಮೂಳೆ, ನಗುವ ಮುಖದ ಸ್ನಾಯು, ಧ್ವನಿಪೆಟ್ಟಿಗೆ ಎಲ್ಲ ಇಂಥ ಮಡಿಕೆಗಳಿಂದಲೇ ಹೊರಟದ್ದು ಎನ್ನುತ್ತಿದ್ದರು. ಹೇಳುತ್ತ ಹೇಳುತ್ತ ಸೀಮೆಸುಣ್ಣದಿಂದ ತಮ್ಮ ಮುಖದ ಮೇಲೆಯೇ ತೋರಿಸುತ್ತಿದ್ದರು. ಗಂಟೆ ಹೊಡೆಯುವ ಹೊತ್ತಿಗೆ ಕಿವಿಯಿಂದ ಗದ್ದದವರೆಗೆ, ಗದ್ದದಿಂದ ಗಂಟಲಿನವರೆಗೆ ಬಿಳಿ ಗೆರೆಗಳು. ಹಾಗೆಯೇ ರಸ್ತೆಗಿಳಿಯುತ್ತಿದ್ದರು.

'ಗಂಟಲ ಮ್ಯಾಲೆ ಬೆರಳಿಡ್ರಿ. ಈಗ ನುಂಗ್ರಿ' ಎನ್ನುತ್ತಿದ್ದರು. ಅರವತ್ತು ಹುಡುಗರು ಒಟ್ಟಿಗೆ ಉಗುಳು ನುಂಗುತ್ತಿದ್ದೆವು. 'ಮ್ಯಾಲೆ ಹೋಗಿ ಕೆಳಗೆ ಬಂತಲ್ಲ? ಎಲ್ಲಾ ಕಮಾನೂ ಕೂಡಿ ಮಾಡಿದ ಕೆಲಸ ಅದು. ಒಂದು ಕೈ ಕೊಟ್ರೆ ನೀವು ನೀರೂ ಕುಡಿಯಂಗಿಲ್ಲ.' ಐದನೆಯ ಕಮಾನು ಮನುಷ್ಯನಲ್ಲಿ ನಿಲ್ಲುವುದೇ ಇಲ್ಲ, ಬಂದರೂ ಹೋಗಿಬಿಡುತ್ತದೆ. ಹಾಜರಿ ಕರೆಯುವಾಗ ಉತ್ತರ ಬರದ ಹೆಸರಿಗೆ ಅವರು ತಲೆಯೆತ್ತದೆ 'ಐದನೇ ಕಮಾನು' ಎಂದು ಮುಂದೆ ಹೋಗುತ್ತಿದ್ದರು.

ಅವರು ಕಟ್ಟುನಿಟ್ಟಾಗಿದ್ದ ವಿಷಯ ಒಂದೇ. ಪುಸ್ತಕಗಳೂ ಆಗ ಗಿಲ್ ಎಂದೇ ಬರೆಯುತ್ತಿದ್ದವು, ಬಾಯಲ್ಲಿ ಅದೇ ಬರುತ್ತಿತ್ತು. ಅವರು ಮೇಜು ತಟ್ಟುತ್ತಿದ್ದರು. 'ಮೀನಿನ ಮರಿಗೂ ಇವೇ ಮಡಿಕೆ ಇರ್ತಾವೆ. ಅದಕ್ಕೆ ಮುಂದೆ ಕಿವಿರು ಆಗ್ತಾವೆ. ನಮಗೆ ಎಂದೂ ಕಿವಿರು ಇರಲಿಲ್ಲ, ಒಂದು ದಿನಕ್ಕೂ ಇರಲಿಲ್ಲ. ಇನ್ನೂ ಏನೂ ಆಗದೆ ಇರೋದಕ್ಕೆ ಬೇರೆಯವರಲ್ಲಿ ಆಗಿಹೋದದ್ದರ ಹೆಸರು ಇಡಬ್ಯಾಡ್ರಿ.' ಈ ಮಾತು ಇದೇ ಕ್ರಮದಲ್ಲಿ ಇತ್ತೇ ಎಂದು ಆಣೆ ಮಾಡಲಾರೆ. ಆದರೆ ನಾನೇ ಮೇಷ್ಟರಾದ ಮೇಲೆ ಮೂವತ್ತು ವರ್ಷ ತರಗತಿಯಲ್ಲಿ ಅದನ್ನು ಹೇಳಿದೆ, ಅದೇ ಪದಕ್ಕೆ ಕೆಂಪು ಗೆರೆಯನ್ನೂ ಎಳೆದೆ. ಎಳೆದು, ಅದೇ ತರಗತಿಯಲ್ಲಿ ಹುಡುಗರಿಗೆ ತೂಕಡಿಕೆ ಬಂದಾಗ ಹರಿಹರದ ಮೀನಿನ ಪ್ರಸಂಗ ಹೇಳಿ ನಗಿಸಿದೆ. ಆಗ ನನಗೇಕೆ ಹೊಳೆಯಲಿಲ್ಲ?

ಅಕ್ಕನ ವಿಷಯಕ್ಕೆ ಬರುತ್ತೇನೆ. ಅವಳ ಕುತ್ತಿಗೆಯ ಬಲಬದಿಯಲ್ಲಿ, ಕೆಳಗೆ, ಸಾಸಿವೆ ಕಾಳು ಕೂರುವಷ್ಟು ಒಂದು ತೂತು. ಹುಟ್ಟಿದಾಗಿನಿಂದ ಇತ್ತು. ಅದರಿಂದ ಆಗಾಗ ಒಂದು ಹನಿ ನೀರು ಜಿನುಗುತ್ತಿತ್ತು, ನೆಗಡಿಯಾದಾಗ ಸ್ವಲ್ಪ ಹೆಚ್ಚು. ಅವಳು ಸದಾ ಸೆರಗನ್ನು ಬಲಭುಜದ ಮೇಲಿಂದ ಸುತ್ತಿಕೊಂಡೇ ಇರುತ್ತಿದ್ದಳು, ಬೇಸಿಗೆಯಲ್ಲೂ. ಓಣಿಯ ಹೆಂಗಸರು ಅದನ್ನು ಗಂಡಮಾಲೆ ಎನ್ನುತ್ತಿದ್ದರು. ಆ ಕಾಲಕ್ಕೆ ಆ ಪದ ಕೇಳಿದರೆ ಜನ ಕ್ಷಯವೆಂದೇ ಅರ್ಥ ಮಾಡಿಕೊಂಡು ಲೋಟವನ್ನು ಬೇರೆ ಇಡುತ್ತಿದ್ದರು.

ಒಂದು ದಿನ ಮೇಷ್ಟ್ರು ಪಾಠದಲ್ಲಿ, ಎರಡನೆಯ ಕಮಾನು ಬೆಳೆದು ಕೆಳಗಿನವುಗಳ ಮೇಲೆ ಸೆರಗು ಹೊದಿಸಿದ ಹಾಗೆ ಇಳಿಯುತ್ತದೆ, ಒಳಗೆ ಉಳಿದ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ, ಎಲ್ಲೋ ಒಬ್ಬರಿಗೆ ಪೂರ್ತಿ ಮುಚ್ಚದೆ ಕುತ್ತಿಗೆಯಲ್ಲಿ ಸೂಜಿಮೊನೆಯಷ್ಟು ತೂತು ಉಳಿಯುತ್ತದೆ ಎಂದರು. ನನ್ನ ಕೈಯ ಪೆನ್ನು ನಿಂತಿತು. ಪಾಠ ಮುಗಿದ ಮೇಲೆ ಅವರ ಹಿಂದೆ ಹೋಗಿ ಹೇಳಿದೆ. ಮುಖದ ಮೇಲಿನ ಸೀಮೆಸುಣ್ಣವನ್ನೂ ಒರೆಸಿಕೊಳ್ಳದೆ ನನ್ನ ಜೊತೆ ಮನೆಗೆ ಬಂದರು.

ಪಡಸಾಲೆಯಲ್ಲಿ ಅಕ್ಕ ಗೋಡೆ ಹಿಡಿದು ನಿಂತಳು. ಅವರು ಮುಟ್ಟಲಿಲ್ಲ. ಎರಡು ಮಾರು ದೂರದಲ್ಲಿ ನಿಂತು, 'ಒಂದು ಗುಟುಕು ನುಂಗು ತಾಯಿ' ಎಂದರು. ಅವಳು ನುಂಗಿದಳು. ತೂತು ಒಳಕ್ಕೆ ಒಂದಿಷ್ಟು ಎಳೆದಂತಾಯಿತು. ಮೇಷ್ಟ್ರ ಮುಖ ಅರಳಿತು. 'ಗಂಡಮಾಲೆ ಅಲ್ಲ ಬಿಡ್ರಿ ಇದು' ಎಂದು ಅಪ್ಪನ ಕಡೆ ತಿರುಗಿದರು. ಅಪ್ಪ ಮಂಡಿಪೇಟೆಯ ದಲ್ಲಾಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವರು, ಯಾರ ಮುಂದೆಯೂ ಗಟ್ಟಿಯಾಗಿ ಮಾತಾಡದವರು. ಅವತ್ತು ಅವರು ಮೇಷ್ಟ್ರಿಗೆ ತಾವೇ ಹೋಗಿ ನೀರು ತಂದುಕೊಟ್ಟರು. ಮೇಷ್ಟ್ರು ಹೋದ ಮೇಲೆ ಅಕ್ಕ ನನ್ನನ್ನು ಕೇಳಿದಳು, 'ಅವರ ಮುಖಕ್ಕೆ ಏನಾಗೈತೋ, ಹುಲಿವೇಷದವರಂಗೆ?'

ಅದಾದ ಮೇಲೆ ಹರಿಹರದ ಸಂಬಂಧ ಕೂಡಿಬಂತು. ಹುಡುಗ ಅಲ್ಲಿಯ ಶಾಲೆಯೊಂದರಲ್ಲಿ ಕ್ರಾಫ್ಟು ಮೇಷ್ಟ್ರು. ನೋಡಿ ಹೋದರು, ಒಪ್ಪಿದರು, ಎಲೆ ಅಡಿಕೆ ಬದಲಾಯಿತು. ಅಕ್ಕ ಆ ವಾರ ಹಾಡು ಗುನುಗುತ್ತಿದ್ದಳು. ಇದು ನನ್ನ ಕಿವಿಯಲ್ಲಿ ಇನ್ನೂ ಇದೆ. ಹದಿನೈದು ದಿನಕ್ಕೆ ಹರಿಹರದಿಂದ ಆಳು ಬಂದ. ಹುಡುಗಿಗೆ ಗಂಡಮಾಲೆ ಐತಂತೆ, ಬಂದು ಮಾತಾಡ್ರಿ ಎಂದು. ಮೇಷ್ಟ್ರನ್ನು ಕರೆದುಕೊಂಡು ಹೋಗೋಣ ಎಂದವನು ನಾನು.

ಮೇಷ್ಟ್ರು ಆಗಾಗ ಭಾನುವಾರ ರೈಲಿನಲ್ಲಿ ಹರಿಹರಕ್ಕೆ ಹೋಗಿ ತುಂಗಭದ್ರೆಯ ದಂಡೆಯಿಂದ ಒದ್ದೆ ಗೋಣಿಚೀಲದಲ್ಲಿ ಮಣ್ಣು ತರುತ್ತಿದ್ದರು. ನಮ್ಮೂರಿನ ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಹೊಳೆಯ ಮಣ್ಣು ಬಿಡುವುದಿಲ್ಲ. ಅದರಲ್ಲಿ ಭ್ರೂಣದ ತಲೆಯ ಏಳು ಗೊಂಬೆ ಮಾಡಿದ್ದರು, ಬೆಳವಣಿಗೆಯ ಕ್ರಮದಲ್ಲಿ. ಮೊದಲ ಕಮಾನಿಗೆ ಅರಿಶಿನ, ಎರಡನೆಯದಕ್ಕೆ ಕುಂಕುಮ, ಮೂರನೆಯದಕ್ಕೆ ಬಟ್ಟೆಗೆ ಹಾಕುವ ನೀಲಿ. ನಾಲ್ಕನೆಯದಕ್ಕೆ ಯಾವ ಬಣ್ಣ, ನೆನಪಿಲ್ಲ. ಐದು ವಾರದ ಭ್ರೂಣದ ಗೊಂಬೆಯನ್ನು ಅವತ್ತು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಅಪ್ಪ ಮತ್ತು ನನ್ನ ಜೊತೆ ರೈಲಿನಲ್ಲಿ ಬಂದರು.

ಗಂಡಿನ ಮನೆಯ ಪಡಸಾಲೆ. ಜಮಖಾನೆಯ ಮೇಲೆ ಹುಡುಗನ ದೊಡ್ಡಪ್ಪ. ಕಂಬಕ್ಕೆ ಒರಗಿ ಹುಡುಗನ ಅಜ್ಜಿ. ಆ ಮನೆಯಲ್ಲಿ ನಡೆಯುವುದು ಅಜ್ಜಿಯ ಮಾತು ಎಂದು ಕೂತ ಕೂಡಲೇ ಗೊತ್ತಾಯಿತು.

'ಕೂಡ್ರಿ. ನಾವು ಸುತ್ತಿಬಳಸಿ ಮಾತಾಡೋರಲ್ಲ' ಎಂದರು ದೊಡ್ಡಪ್ಪ. 'ಕೂಸಿಗೆ ರೋಗ ಐತೋ ಇಲ್ಲೋ?'

'ಇಲ್ರಿ' ಎಂದು ಮೇಷ್ಟ್ರು ಗೊಂಬೆ ಬಿಚ್ಚಿದರು. 'ಇದು ಐದು ವಾರದ ಕೂಸು. ನೀವೂ ಹಿಂಗೇ ಇದ್ರಿ, ನಾನೂ ಹಿಂಗೇ ಇದ್ದೆ.'

ಅಜ್ಜಿ ಬಗ್ಗಿ ನೋಡಿದರು. 'ನಾನು ಇದ್ದಿಲ್ಲಪ್ಪ. ಇದು ಮೊಳಕಿ ಬಂದ ಕಡ್ಲಿ ಇದ್ದಂಗೈತೆ.'

ಮೇಷ್ಟ್ರು ನಕ್ಕು, ಬಣ್ಣ ತೋರಿಸುತ್ತ ಹೇಳಿದರು. ಕೆಂಪು ಮಡಿಕೆ ಸೆರಗಿನಂತೆ ಇಳಿದು ಮುಚ್ಚುವುದು, ಸಂದು ಕೂಡಿಕೊಳ್ಳುವುದು, ಈ ಹುಡುಗಿಗೆ ಒಂದು ಕಡೆ ಕೂಡಿಕೊಳ್ಳದೆ ಉಳಿದದ್ದು. ಅಂಟುವುದಿಲ್ಲ. ಹುಬ್ಬಳ್ಳಿಯಲ್ಲಿ ಕೊಯ್ದು ತೆಗೆಯುವವರು ಇದ್ದಾರೆ.

'ಮಕ್ಕಳಿಗೆ ಬರ್ತೈತಾ?' ಎಂದರು ಅಜ್ಜಿ.

ಇಲ್ಲ ಎಂದುಬಿಟ್ಟರೆ ಸಾಕಿತ್ತು. ಮೇಷ್ಟ್ರು, 'ಬರಬಹುದು ಅಜ್ಜಿ. ಬರದೇನೂ ಹೋಗಬಹುದು. ಸಾಮಾನ್ಯವಾಗಿ ಬರಂಗಿಲ್ಲ. ಬಂದ್ರೂ ಪ್ರಾಣಕ್ಕೆ ಏನೂ ಇಲ್ಲ' ಎಂದರು.

ಅಜ್ಜಿ ಗೊಂಬೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿದರು. ಕೌದಿ ಹೊಲಿಯುವ ಕೈ ಅದು, ಬೆರಳಿನಲ್ಲಿ ಸೂಜಿ ಚುಚ್ಚಿದ ಕಪ್ಪು. 'ಅಂದ್ರೆ ಹೊಲಿಗಿ ಒಂದು ಕಡೆ ಬಿಟ್ಟೈತೆ ಅನ್ನು' ಎಂದರು.

'ಅಷ್ಟೇ ಅಜ್ಜಿ. ನನಗಿಂತ ಚಲೋ ಹೇಳಿದ್ರಿ ನೀವು.'

ಇಲ್ಲಿಯವರೆಗೆ ನನಗೆ ಕಾಣುತ್ತದೆ. ಆಮೇಲೆ ಮೀನಿನ ಮಾತು ಬಂತು. ಮೀನಿಗೆ ಕಿವಿರು ಇರ್ತಾವಲ್ಲ, ಅದೇ ಜಾಗ, ಎಂದು. ನನ್ನ ನೆನಪಿನಲ್ಲಿ ಆ ಮಾತು ಮೇಷ್ಟ್ರ ಧ್ವನಿಯಲ್ಲೇ ಇದೆ. ನಲವತ್ತು ವರ್ಷ ಅವರ ಧ್ವನಿಯನ್ನು ಅನುಕರಿಸಿ ಹೇಳಿದ್ದೇನೆ, ಇನ್ಯಾವ ಧ್ವನಿಯಲ್ಲಿ ಇರಬೇಕು? ಅಜ್ಜಿ ಗೊಂಬೆಯನ್ನು ಕೆಳಗಿಟ್ಟರು. ಕೈಯನ್ನು ಸೆರಗಿಗೆ ಒರೆಸಿಕೊಂಡರು. 'ಮೀನು ನಮ್ಮ ಹೊಸ್ತಿಲು ದಾಟಿಲ್ಲ' ಎಂದು ಎದ್ದು ಒಳಗೆ ಹೋದರು. ದೊಡ್ಡಪ್ಪ ಚಹಾ ಕುಡಿದೇ ಹೋಗಬೇಕೆಂದು ಒತ್ತಾಯಿಸಿದರು. ಚಹಾ ಬಂತು. ಸಂಬಂಧದ ಮಾತು ಮತ್ತೆ ಬರಲಿಲ್ಲ.

ವಾಪಸು ರೈಲಿನಲ್ಲಿ ಮೇಷ್ಟ್ರು ಕಿಟಕಿಯ ಕಡೆ ನೋಡುತ್ತ ಅಪ್ಪನಿಗೆ, 'ತಪ್ಪು ನಂದ್ರಿ. ಮೀನಿನ ಮಾತು ನನ್ನಿಂದ ಬಂತು' ಎಂದರು. ಇದು ಸ್ಪಷ್ಟವಾಗಿ ನೆನಪಿದೆ. ಕಥೆಗೆ ಸಾಕ್ಷಿಯೆಂದು ನಾನು ಇಷ್ಟು ವರ್ಷ ಮುಂದೊಡ್ಡಿದ್ದು ಈ ಮಾತನ್ನೇ.

ಸುದ್ದಿ ಹರಿಹರದಲ್ಲಿ ಉಳಿಯಲಿಲ್ಲ. ಆಮೇಲೆ ಬಂದ ಎರಡು ಸಂಬಂಧದವರೂ 'ಮೀನಿನ ಕಿವಿರಿನ ಹುಡುಗಿ' ಎಂಬುದನ್ನು ಕೇಳಿಕೊಂಡೇ ಬಂದಿದ್ದರು. ಮೂರನೆಯವರು ಬರುವ ಮೊದಲೇ ಅಕ್ಕ, ಸಾಕು, ನಾನು ಓದುತ್ತೇನೆ ಎಂದಳು. ಮೇಷ್ಟ್ರು ಬರೆದ ಪತ್ರ ಹಿಡಿದು ಅಪ್ಪ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದು ಕೊಯ್ಯಿಸಿಕೊಂಡು ಬಂದರು. ಶಿಕ್ಷಕಿಯ ತರಬೇತಿ ಮುಗಿಸಿದಳು. ಕೆಲಸ ಸಿಕ್ಕಿದ್ದು ಹರಿಹರದಲ್ಲೇ. ಈಗಲೂ ಅಲ್ಲೇ ಇದ್ದಾಳೆ. ಮದುವೆಯಾಗಲಿಲ್ಲ.

ನಾನು ಮೇಷ್ಟ್ರ ಜೊತೆ ಮಾತು ಬಿಟ್ಟೆ. ಧಾರವಾಡದಲ್ಲಿ ಓದಿ ಬಂದು ಇದೇ ಊರಿನಲ್ಲಿ ಮೇಷ್ಟರಾದ ಮೇಲೂ ಬಿಟ್ಟೆ. ಮಂಡಿಪೇಟೆಯಲ್ಲಿ ಎದುರಾದರೆ ಅವರೇ ನಿಂತು ಕೇಳುತ್ತಿದ್ದರು, 'ಅಕ್ಕ ಹೆಂಗದಾಳಪ್ಪ?' 'ಇದ್ದಾಳೆ ಸರ್' ಎಂದು ನಡೆದುಬಿಡುತ್ತಿದ್ದೆ. ಅವರು ಕೊಡೆಯನ್ನೋ ಚೀಲವನ್ನೋ ಕೈ ಬದಲಿಸಿ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದರು. ತಿರುಗಿ ನೋಡಿರುವುದರಿಂದಲೇ ಇದನ್ನು ಬರೆಯಬಲ್ಲೆ.

ಸಂತಾಪ ಸಭೆಯಾದ ಮೂರನೆಯ ದಿನ ಟ್ರಂಕು ಇಳಿಸಿದೆ. ಆ ವರ್ಷದ ದಿನಚರಿ ಸಿಕ್ಕಿತು. ಹರಿಹರಕ್ಕೆ ಹೋದ ದಿನದ ಪುಟದಲ್ಲಿ ಎರಡೇ ಸಾಲು: ಕೆಲಸ ಆಗಲಿಲ್ಲ. ಆ ಮಾತು ಬರಬಾರದಿತ್ತು. ಯಾರ ಬಾಯಿಂದ ಎಂದು ಬರೆದಿಲ್ಲ. ಊಟಕ್ಕೆ ಏನಿತ್ತು ಎಂಬುದನ್ನೂ ಬಿಡದೆ ಬರೆಯುತ್ತಿದ್ದ ನಾನು ಅಂದು ಅಷ್ಟಕ್ಕೇ ನಿಲ್ಲಿಸಿದ್ದೇನೆ. ಒಂದು ತಿಂಗಳ ನಂತರದ ಪುಟದಲ್ಲಿ, ಗೆಳೆಯರ ಹಾಸ್ಟೆಲಿನಲ್ಲಿ ಮೇಷ್ಟ್ರ ಮೀನಿನ ಕಥೆ ಹೇಳಿದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು ಎಂದಿದೆ. ನಡುವಿನ ಪುಟಗಳನ್ನು ಹಿಂದೆ ಮುಂದೆ ತಿರುವಿದೆ. ಮಾತು ಎಲ್ಲಿ ಕೈ ಬದಲಾಯಿಸಿತು ಎಂಬುದು ಸಿಗಲಿಲ್ಲ.

ದಿನಚರಿಯ ಕೆಳಗೆ ಟೆಸ್ಟಿನ ಪುಸ್ತಕ ಇತ್ತು. ಹರಿಹರದ ದಿನಕ್ಕಿಂತ ಎರಡು ವಾರ ಮುಂಚಿನದು. ಗಂಟಲ ಕಮಾನುಗಳ ಮೇಲೆ ನಾನು ಬರೆದ ಉತ್ತರ. ನಾಲ್ಕು ಕಡೆ ಗಿಲ್ ಎಂದು ಬರೆದಿದ್ದೇನೆ. ನಾಲ್ಕಕ್ಕೂ ಕೆಂಪು ಗೆರೆ. ಅಂದರೆ ಆ ಪದ ಆಗ ಯಾರ ನಾಲಿಗೆಯ ತುದಿಯಲ್ಲಿತ್ತು?

ಮರುದಿನ ಹರಿಹರದ ಬಸ್ಸು ಹತ್ತಿದೆ. ಅಕ್ಕ ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದಳು. ಕಾಲು ತೊಳೆಯುವ ಮೊದಲೇ ಕೇಳಿದೆ.

'ಅವತ್ತು ಮೀನು ಅಂದಿದ್ದು ಯಾರು?'

ಅವಳು ಮೊರವನ್ನು ಕೆಳಗಿಡಲಿಲ್ಲ. 'ನೀನು.'

'ನಿನಗೆ ಹೆಂಗೆ ಗೊತ್ತು? ನೀನು ಬಂದಿರಲಿಲ್ಲ.'

'ಅಪ್ಪ ಅವತ್ತು ಸಂಜಿಗೇ ಹೇಳಿದ್ರು. ಮುದುಕಿ ಒಪ್ಪಿದ್ಲಂತೆ. ಹೊಲಿಗಿ ಬಿಟ್ಟೈತೆ ಅಷ್ಟೇ ಅಂದ್ಲಂತೆ. ಮೇಷ್ಟ್ರು ನಕ್ರಂತೆ. ನೀನು ಸುಮ್ಮನಿರಲಾರದೆ, ಹೊಲಿಗಿ ಅಲ್ಲ ಅಜ್ಜಿ, ಮೀನಿನ ಕಿವಿರು ಅಂದ್ಯಂತೆ. ಓದಿದೋನಲ್ಲ.'

'ಮತ್ತೆ ರೈಲಿನಾಗೆ ಮೇಷ್ಟ್ರು, ತಪ್ಪು ನಂದು ಅಂದ್ರಲ್ಲ?'

'ಕಲಿಸಿದ್ದು ಅವರಲ್ಲೇನು? ನಾನು ಸರಿಯಾಗಿ ಕಲಿಸಿದ್ರೆ ಹುಡುಗ ಹಂಗೆ ಅಂತಿದ್ನಾ ಅಂತ ಅವರ ಲೆಕ್ಕ.' ಅವಳು ಒಂದು ಹರಳು ಹೆಕ್ಕಿ ಎಸೆದಳು. 'ಮಾರನೇ ದಿನ ಅಂಗಡಿಗೆ ಬಂದು ಅಪ್ಪಗೆ ಹೇಳಿ ಹೋದ್ರಂತೆ. ಮುಂದಿನ ತಿಂಗಳು ಅವನ ಪರೀಕ್ಷೆ ಐತೆ, ಈ ಭಾರ ಅವನ ಮ್ಯಾಲೆ ಬ್ಯಾಡ, ಕೇಳಿದೋರಿಗೆ ನಾನಂದೆ ಅಂತನೇ ಹೇಳ್ರಿ ಅಂತ.'

'ಪರೀಕ್ಷೆ ಮುಗಿದ ಮೇಲೆ ಹೇಳಬಹುದಿತ್ತಲ್ಲ?'

'ಅಷ್ಟೊತ್ತಿಗೆ ನೀನು ಅದನ್ನ ನಗೋ ಕಥಿ ಮಾಡಿದ್ದಿ. ನಿನ್ನ ಗೆಳೆಯರು ಪಡಸಾಲಿಯಾಗೆ ಕೂತು ನಗೋರು. ನಾನು ಒಳಗೆ ರೊಟ್ಟಿ ಬಡಿತಿದ್ದೆ. ಬಂದು ಹೇಳಲೇನು ನಡುವೆ?'

ನಾನು ಮರೆತೆನೋ, ಮರೆಯಲು ಬಿಟ್ಟೆನೋ? ಬೇರೊಬ್ಬರು ಎತ್ತಿಕೊಂಡ ಭಾರವನ್ನು ಮೊದಲ ವಾರ ತಿಳಿದೇ ಬಿಟ್ಟಿರಬೇಕು. ಆಮೇಲೆ ಯಾವಾಗಲೋ ಅದು ಅವರದ್ದೇ ಎನ್ನಿಸಿರಬೇಕು. ಈ 'ಇರಬೇಕು'ಗಳಾಚೆ ಹೋಗಲು ನನಗೆ ಆಗುತ್ತಿಲ್ಲ.

'ಸಿಟ್ಟಿಲ್ಲೇನು ನಿನಗೆ?' ಎಂದೆ.

'ಐತೆ. ಮದುವಿ ತಪ್ಪಿದ್ದು ಇರ್ಲಿ, ಆ ಮುದುಕಿ ಕೈಯಾಗೆ ಬಾಳೋದು ನನ್ನಿಂದ ಆಗ್ತಿತ್ತೋ ಇಲ್ಲೋ. ಆದ್ರೆ ಮಂಡಿಪ್ಯಾಟಿಯಾಗೆ ಅವರು ನಿಂತ್ರೆ ನೀನು ನಿಲ್ತಿರಲಿಲ್ಲ. ಅದಕ್ಕೆ ಐತೆ.'

'ನಿನಗೆ ಯಾರು ಹೇಳಿದ್ದು ಅದನ್ನ?'

'ಅವರೇ. ಯುಗಾದಿ ಆದ ಮ್ಯಾಲೆ ವರ್ಷಕ್ಕೊಂದ್ಸಲ ಹೋಗಿ ಬರ್ತಿದ್ದೆ ಅವರ ಮನಿಗೆ. ಹೋದ ಕೂಡ್ಲೇ, ನುಂಗು ತಾಯಿ ಅನ್ನೋರು. ನುಂಗಿ ತೋರಿಸ್ತಿದ್ದೆ. ಚಲೋ ಕೂಡೈತೆ ಅನ್ನೋರು. ಆಮ್ಯಾಲೆ ನಿನ್ನ ಸುದ್ದಿ. ನಿನ್ನ ತಮ್ಮ ಮೊನ್ನೆ ಸಿಕ್ಕಿದ್ದ, ಅವಸರದಾಗಿದ್ದ ಅನ್ನೋರು.' ಸೆರಗು ಸರಿದಿತ್ತು. ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ. ಅವಳು ಸೆರಗು ಸುತ್ತಿಕೊಳ್ಳುವುದನ್ನು ಬಿಟ್ಟು ಎಷ್ಟು ವರ್ಷವಾಗಿದೆ ಎಂಬುದನ್ನೂ ನಾನು ಗಮನಿಸಿರಲಿಲ್ಲ.

ಸಂಘಟಕರು ಸ್ಮರಣ ಸಂಚಿಕೆಗೆ ಕೇಳಿದ್ದನ್ನು ಹೇಳಿದೆ. 'ಸಂಚಿಕೆಗೆ ಬರಿ' ಎಂದಳು. 'ಮೊದಲು ಅವರ ಮಗಳಿಗೆ ಹೇಳಿ ಆಮ್ಯಾಲೆ ಬರಿ.'

ನಿನ್ನೆ ಮಧ್ಯಾಹ್ನ ಮೇಷ್ಟ್ರ ಮನೆಗೆ ಹೋದೆ. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದ್ದೆ. ಅವರ ಮಗಳು ಕುರ್ಚಿ ಹಾಕಿ, 'ಬರ್ರಿ ಸರ್, ಅವತ್ತು ಆ ಮೀನಿನ ಕಥಿ ಕೇಳಿ ಭಾಳ ದಿನ ಆದ ಮ್ಯಾಲೆ ನಕ್ಕೆ' ಎಂದರು. ಕಪಾಟಿನ ಗಾಜಿನ ಹಿಂದೆ ಏಳು ಗೊಂಬೆಗಳು ಸಾಲಾಗಿದ್ದವು. ಬಣ್ಣ ಮಾಸಿದೆ. ಮಣ್ಣು ಬಿರುಕು ಬಿಟ್ಟಿಲ್ಲ. ನಾಲ್ಕನೆಯ ಕಮಾನು ಹಸಿರು.

ಹೇಳಿದೆ. ಅಜ್ಜಿಯ ಹೊಲಿಗೆಯ ಮಾತು, ನನ್ನ ಮಾತು, ರೈಲು, ಅಂಗಡಿ, ಎಲ್ಲ.

'ಮನಿಗೆ ಬಂದೋರು ಯಾರಾದ್ರೂ ಆ ಕಥಿ ತೆಗೆದ್ರೆ ಅಪ್ಪ ಎದ್ದು ಹಿತ್ತಲಿಗೆ ಹೋಗ್ತಿದ್ರು' ಎಂದರು ಮಗಳು. 'ನಾಚಿಕಿ ಅಂತ ತಿಳಕಂಡಿದ್ವಿ. ನಾವೂ ಕಾಡಿಸ್ತಿದ್ವಿ. ನೀವೇನಾ ಅಂದಿದ್ದು ಅಂದ್ರೆ, ಹೂಂ ಅಂತಿದ್ರು.'

ನಾನು ಚೀಲದಿಂದ ಟೆಸ್ಟಿನ ಪುಸ್ತಕ ತೆಗೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಒಂದೊಂದು ಕೆಂಪು ಗೆರೆಯ ಮೇಲೂ ಬೆರಳು ನಿಲ್ಲಿಸಿದರು.

'ಅಪ್ಪನ ಕೈದೇ' ಎಂದರು. 'ಎಷ್ಟು ಕಡಿದಾರೆ?'

'ನಾಲ್ಕು ಕಡೆಗೆ ಅರ್ಧರ್ಧ. ಎರಡು ಅಂಕ.'

ಅವರು ಪುಸ್ತಕ ಮುಚ್ಚಿ ತಮ್ಮ ತೊಡೆಯ ಮೇಲೆಯೇ ಇಟ್ಟುಕೊಂಡರು. ವಾಪಸು ಕೊಡಲಿಲ್ಲ.

'ಕಮ್ಮಿ ಆತು' ಎಂದರು.